ಅಕ್ಯುಪಂಕ್ಚರ್ ಕಲಿಯಲು ಹತ್ತು ದಿನ ಸಾಕೇ?

ಮರಿಯಮ್ಮನಹಳ್ಳಿ, ಹೊಸಪೇಟೆ, ಕಂಪ್ಲಿ ಕಡೆ ಮೊಣಕಾಲು ನೋವೋ ಸೊಂಟ ನೋವೋ ಇಲ್ಲದ ಮನೆ ಹುಡುಕುವುದು ಕಷ್ಟ. ಭತ್ತದ ನಾಟಿಗೆ ದಿನವಿಡೀ ಬಗ್ಗಿ ನಿಲ್ಲುವವರು, ಕಬ್ಬು ಕಡಿದು ಹೊರೆ ಹೊರುವವರು, ಸಂಡೂರಿನ ಅದಿರು ತುಂಬಿದ ಲಾರಿ ಓಡಿಸುವವರು, ಎಲ್ಲರಿಗೂ ಅದೇ ದೂರು. ನೋವಿನ ಮಾತ್ರೆ ನುಂಗಿ ಹೊಟ್ಟೆ ಉರಿ ಬಂದ ಮೇಲೆ ಬೇರೆ ದಾರಿ ಹುಡುಕುತ್ತಾರೆ. ಆಗ ಕೈಗೆ ಸಿಗುವುದು ಒಂದು ಕರಪತ್ರ: ಔಷಧಿ ಇಲ್ಲ, ಆಪರೇಷನ್ ಇಲ್ಲ, ಚೀನಾದ ಪ್ರಾಚೀನ ಸೂಜಿ ಚಿಕಿತ್ಸೆ. ಇಂಥ ಕರಪತ್ರಗಳ ಕೆಳಗೆ ಕೆಲವೊಮ್ಮೆ ಇನ್ನೊಂದು ಸಾಲೂ ಇರುತ್ತದೆ. ಹತ್ತು ದಿನದಲ್ಲಿ ನೀವೂ ಕಲಿಯಿರಿ, ಸರ್ಟಿಫಿಕೇಟ್ ಪಡೆಯಿರಿ.

ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆಯೇ ಎಂಬ ಚರ್ಚೆ ಎಲ್ಲೆಡೆ ನಡೆಯುತ್ತದೆ. ಅದನ್ನು ಕಲಿಯುವುದು ಎಂದರೆ ಏನು ಕಲಿಯುವುದು ಎಂದು ಕೇಳುವವರು ಕಡಿಮೆ. ನಾವು ಆ ಕಡೆಯಿಂದಲೇ ಹೊರಡೋಣ. ಮೊದಲ ಪ್ರಶ್ನೆಗೂ ಉತ್ತರ ದಾರಿಯಲ್ಲೇ ಸಿಗುತ್ತದೆ.

ಚೀನೀ ಭಾಷೆಯಲ್ಲಿ ಈ ವಿದ್ಯೆಯ ಹೆಸರು ಝೆನ್‌ಜ್ಯೂ. ಝೆನ್ ಎಂದರೆ ಸೂಜಿ, ಜ್ಯೂ ಎಂದರೆ ಸುಡುವುದು. ಅಂದರೆ ಸೂಜಿ ಅದರ ಅರ್ಧ ಮಾತ್ರ. ಇನ್ನರ್ಧದಲ್ಲಿ ಒಣಗಿಸಿದ ಮಾಚಿಪತ್ರೆ ಜಾತಿಯ ಎಲೆಯನ್ನು ಉಂಡೆಯಾಗಿಯೋ ಬತ್ತಿಯಾಗಿಯೋ ಮಾಡಿ, ಹೊತ್ತಿಸಿ, ಚರ್ಮದ ಹತ್ತಿರ ಹಿಡಿದು ಕಾಯಿಸುತ್ತಾರೆ. ಹಿಂದೆ ಚರ್ಮದ ಮೇಲೇ ಇಟ್ಟು ಸುಡುತ್ತಿದ್ದದ್ದೂ ಉಂಟು. ನಮ್ಮ ಕಡೆಯ ಬರೆ ಹಾಕುವ ಪದ್ಧತಿ ಬಲ್ಲವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ.

ದೇಹದಲ್ಲಿ 'ಚಿ' ಎಂಬ ಜೀವಶಕ್ತಿ 14 ನಾಡಿಗಳಲ್ಲಿ ಹರಿಯುತ್ತದೆ, ಅದಕ್ಕೆ ಅಡ್ಡಿಯಾದರೆ ರೋಗ, ದಾರಿಯ ಮೇಲಿನ ಬಿಂದುಗಳಲ್ಲಿ ಚುಚ್ಚಿದರೆ ಅಡ್ಡಿ ನಿವಾರಣೆ. ಇದು ಸಾಂಪ್ರದಾಯಿಕ ವಿವರಣೆ. ಬಿಂದುಗಳು ಒಟ್ಟು 361. ಶವ ಛೇದನ ಮಾಡಿ ನೋಡಿದರೆ ನರ ಸಿಗುತ್ತದೆ, ರಕ್ತನಾಳ ಸಿಗುತ್ತದೆ. ಈ ನಾಡಿಗಳು ಸಿಗುವುದಿಲ್ಲ. ಆದರೂ ಕಲಿಯುವವರು ಮೊದಲು ಬಾಯಿಪಾಠ ಮಾಡುವುದು ಈ ನಕ್ಷೆಯನ್ನೇ.

ಬಿಂದು ಹುಡುಕುವ ಅಳತೆ

ಬಿಂದುಗಳ ನಡುವಿನ ದೂರವನ್ನು ಅಳೆಯುವುದು ರೋಗಿಯ ಬೆರಳಿನಲ್ಲಿ. ರೋಗಿಯ ಹೆಬ್ಬೆರಳಿನ ಅಗಲ ಒಂದು 'ತ್ಸುನ್', ನಾಲ್ಕು ಬೆರಳು ಜೋಡಿಸಿದರೆ ಮೂರು ತ್ಸುನ್. ನಮ್ಮ ಅಂಗುಲದ ಲೆಕ್ಕವೂ ಹುಟ್ಟಿದ್ದು ಹೀಗೆಯೇ. ಎತ್ತರದವರಿಗೂ ಗಿಡ್ಡನೆಯವರಿಗೂ ಸೆಂಟಿಮೀಟರ್ ಒಂದೇ, ಅಂಗುಲ ಬೇರೆ ಬೇರೆ. ಉದಾಹರಣೆಗೆ ಹೆಚ್ಚು ಬಳಕೆಯಲ್ಲಿರುವ 'ಝುಸಾನ್‌ಲಿ' ಬಿಂದು. ಮೊಣಕಾಲ ಚಿಪ್ಪಿನ ಕೆಳಗೆ ಹೊರಬದಿಯಲ್ಲಿರುವ ತಗ್ಗಿನಿಂದ ನಾಲ್ಕು ಬೆರಳು ಕೆಳಗೆ, ಕಣಕಾಲಿನ ಎಲುಬಿನ ಅಂಚಿನಿಂದ ಒಂದು ಬೆರಳು ಹೊರಗೆ. ಅಲ್ಲಿ ಗಟ್ಟಿಯಾಗಿ ಒತ್ತಿ ನೋಡಿ, ಬಹಳ ಜನರಿಗೆ ಒಂದು ಥರದ ಮಂದ ನೋವು ಸಿಗುತ್ತದೆ.

ಚೀನಾದಲ್ಲಿ ಈ ಕಲಿಕೆಗೆ ಸಾವಿರ ವರ್ಷದ ಹಿಂದೆಯೇ ಪರೀಕ್ಷೆ ಇತ್ತು. 1027ರ ಹೊತ್ತಿಗೆ ಸೋಂಗ್ ರಾಜರ ಕಾಲದಲ್ಲಿ ವಾಂಗ್ ವೇಯೀ ಎಂಬ ವೈದ್ಯರ ಮೇಲ್ವಿಚಾರಣೆಯಲ್ಲಿ ಆಳೆತ್ತರದ ಎರಡು ಕಂಚಿನ ಬೊಂಬೆಗಳನ್ನು ಮಾಡಿಸಿದರು. ಮೈತುಂಬ ಬಿಂದುಗಳ ಜಾಗದಲ್ಲಿ ಸಣ್ಣ ತೂತು. ಬೊಂಬೆಗೆ ಮೇಣ ಬಳಿದು ತೂತು ಮುಚ್ಚಿ, ಒಳಗೆ ನೀರು ತುಂಬುತ್ತಿದ್ದರಂತೆ. ವಿದ್ಯಾರ್ಥಿ ಸರಿಯಾದ ಜಾಗಕ್ಕೆ ಚುಚ್ಚಿದರೆ ನೀರು ಬರಬೇಕು, ಇಲ್ಲದಿದ್ದರೆ ಸೂಜಿ ಕಂಚಿಗೆ ತಾಗಿ ನಿಲ್ಲುತ್ತದೆ. ಇಂದಿನ ಆನ್‌ಲೈನ್ ಸರ್ಟಿಫಿಕೇಟ್ ಪರೀಕ್ಷೆಗಿಂತ ಇದು ಎಷ್ಟೋ ಮೇಲು.

ಇಷ್ಟು ಕಟ್ಟುನಿಟ್ಟಿನ ವಿದ್ಯೆಯಲ್ಲಿ ಬಿಂದುಗಳ ಜಾಗದ ಬಗ್ಗೆ ಗೊಂದಲ ಇರಲಾರದು ಎಂದುಕೊಳ್ಳುತ್ತೇವೆ. ಗೊಂದಲ ಇತ್ತು. ಚೀನಾ, ಜಪಾನ್, ಕೊರಿಯಾದ ತಜ್ಞರನ್ನು ವಿಶ್ವ ಆರೋಗ್ಯ ಸಂಸ್ಥೆ ಒಟ್ಟಿಗೆ ಕೂರಿಸಿದಾಗ 361ರಲ್ಲಿ 92 ಬಿಂದುಗಳ ಜಾಗದ ಬಗ್ಗೆ ಒಮ್ಮತ ಇರಲಿಲ್ಲ. ಹಲವು ಸಭೆಗಳ ನಂತರವೂ 6 ಬಿಂದುಗಳು ಇತ್ಯರ್ಥವಾಗದೆ ಉಳಿದವು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೈ ಪಳಗಿಸುವುದು

ಅಕ್ಯುಪಂಕ್ಚರ್ ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ. ಒಳಗೆ ಟೊಳ್ಳಿಲ್ಲ, ದಪ್ಪ ಸುಮಾರು 0.25 ಮಿ.ಮೀ. ಸಾಮಾನ್ಯ ಇಂಜೆಕ್ಷನ್ ಸೂಜಿಯ ಅರ್ಧದಷ್ಟೂ ಇಲ್ಲ. ಹಿಡಿದು ಒತ್ತಿದರೆ ಬಾಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಮೊದಲು ಮಡಿಸಿ ಕಟ್ಟಿದ ಮೆತ್ತನೆ ಕಾಗದದ ಕಟ್ಟಿಗೆ, ಆಮೇಲೆ ಹತ್ತಿಯ ಉಂಡೆಗೆ ಚುಚ್ಚಿ ಅಭ್ಯಾಸ ಮಾಡುತ್ತಾರೆ. ಬೆರಳಿಗೆ ಹದ ಬಂದ ಮೇಲೆ ತಮ್ಮ ಕಾಲಿಗೇ ಚುಚ್ಚಿಕೊಳ್ಳುತ್ತಾರೆ. ನಂತರವೇ ಬೇರೆಯವರ ಮೈ. ಮಾಂಸ ತುಂಬಿದ ಜಾಗದಲ್ಲಿ ಸೂಜಿ ನೇರ ಇಳಿಯಬೇಕು, ತೆಳು ಜಾಗದಲ್ಲಿ ಓರೆ, ತಲೆ ಮತ್ತು ಮುಖದ ಹಲವು ಕಡೆ ಚರ್ಮಕ್ಕೆ ಹೆಚ್ಚು ಕಡಿಮೆ ಸಮಾಂತರ. ಒಳಗೆ ಇಳಿದ ಸೂಜಿಯನ್ನು ಬೆರಳಲ್ಲಿ ತಿರುವಿದಾಗ ರೋಗಿಗೆ ಜೋಮು, ಭಾರ, ಎಳೆತ ಅನ್ನಿಸಬೇಕು. ಇದಕ್ಕೆ 'ದೆ ಚಿ' ಎನ್ನುತ್ತಾರೆ. ಆಮೇಲೆ ಸೂಜಿಯನ್ನು ಸಾಮಾನ್ಯವಾಗಿ 20ರಿಂದ 30 ನಿಮಿಷ ಹಾಗೇ ಬಿಡುತ್ತಾರೆ.

ಇಷ್ಟನ್ನು ಹತ್ತು ದಿನದಲ್ಲಿ ಕಲಿಯಬಹುದೇ? ಚುಚ್ಚುವುದನ್ನು ಕಲಿಯಬಹುದು. ಎಲ್ಲಿ ಚುಚ್ಚಬಾರದು, ಎಷ್ಟು ಆಳಕ್ಕೆ ಹೋಗಬಾರದು ಎಂಬುದನ್ನು ಕಲಿಯಲಾಗುವುದಿಲ್ಲ.

ಹೆಗಲ ಮೇಲೆ, ಕತ್ತಿನ ಬುಡಕ್ಕೂ ಭುಜದ ತುದಿಗೂ ನಡುವೆ 'ಜ್ಯಾನ್‌ಜಿಂಗ್' ಎಂಬ ಬಿಂದುವಿದೆ. ಮೂಟೆ ಹೊರುವವರಿಗೆ ನೋಯುವ ಜಾಗವೇ ಅದು. ಹಾಗಾಗಿ ಬಹಳ ಬಳಕೆಯಲ್ಲಿದೆ. ಅದರ ನೇರ ಕೆಳಗೆ ಶ್ವಾಸಕೋಶದ ತುದಿಯಿದೆ. ತೆಳ್ಳಗಿನ ಮೈಯವರಲ್ಲಿ ಸೂಜಿ ಸ್ವಲ್ಪ ಆಳಕ್ಕೆ ಹೋದರೂ ಶ್ವಾಸಕೋಶಕ್ಕೆ ತೂತು ಬಿದ್ದು ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ರೋಗಿ ಮನೆಗೆ ಹೋದ ಮೇಲೆ, ಕೆಲವೊಮ್ಮೆ ಗಂಟೆಗಳ ನಂತರ, ಉಸಿರು ಕಟ್ಟಲು ಶುರುವಾಗುತ್ತದೆ. ಮುಂಗೈಯಲ್ಲಿ ಮಣಿಕಟ್ಟಿನಿಂದ ಮೂರು ಬೆರಳಷ್ಟು ಮೇಲೆ, ಎರಡು ಹುರಿಗಳ ನಡುವೆ ಇರುವ 'ನೈಗುವಾನ್' ವಾಂತಿ ತಡೆಯಲು ಹೆಸರುವಾಸಿ. ಅದರ ಅಡಿಯಲ್ಲೇ ಅಂಗೈಗೆ ಹೋಗುವ ಮುಖ್ಯ ನರವಿದೆ.

ತರಬೇತಿ ಪಡೆದವರ ಕೈಯಲ್ಲಿ ಈ ಅಪಾಯ ತೀರಾ ಕಡಿಮೆ ಎಂಬುದನ್ನೂ ಹೇಳಬೇಕು. ಜರ್ಮನಿಯಲ್ಲಿ ವೈದ್ಯರಿಂದಲೇ ಅಕ್ಯುಪಂಕ್ಚರ್ ಮಾಡಿಸಿಕೊಂಡ 2,29,230 ರೋಗಿಗಳ ಮಾಹಿತಿಯನ್ನು 2009ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 9 ಜನರಿಗೆ ರಕ್ತ ಹೆಪ್ಪುಗಟ್ಟುವುದು, ನೋವಿನಂಥ ಸಣ್ಣ ತೊಂದರೆಗಳಾಗಿದ್ದವು. ಶ್ವಾಸಕೋಶದ ತೂತು ಇಬ್ಬರಿಗೆ ಮಾತ್ರ. ಆದರೆ ಅವರೆಲ್ಲ ವೈದ್ಯಕೀಯ ಓದಿದ ಮೇಲೆ ಸೂಜಿ ಹಿಡಿದವರು. ಸ್ವಚ್ಛತೆ ತಪ್ಪಿದರೆ ಆಗುವುದು ಬೇರೆಯದೇ ಕಥೆ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1984ರಲ್ಲಿ ಒಬ್ಬನೇ ಚಿಕಿತ್ಸಕನ ಬಳಿ ಹೋದ 35 ಜನರಿಗೆ ಹೆಪಟೈಟಿಸ್ ಬಿ ಅಂಟಿತ್ತು.

ಸುಳ್ಳು ಸೂಜಿಯ ಪರೀಕ್ಷೆ

ಈಗ ಆ 92 ಬಿಂದುಗಳ ವಿಷಯಕ್ಕೆ ಬರೋಣ. ಜಾಗದ ನಿಖರತೆ ಅಷ್ಟು ಮುಖ್ಯವಾದರೆ, ತಪ್ಪು ಜಾಗಕ್ಕೆ ಚುಚ್ಚಿದವರಿಗೆ ಗುಣ ಕಾಣಬಾರದು. ಇದನ್ನು ಜರ್ಮನಿಯಲ್ಲಿ ಸೊಂಟ ನೋವಿನ 1,162 ರೋಗಿಗಳ ಮೇಲೆ ಪರೀಕ್ಷಿಸಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ, ಇನ್ನೊಂದಕ್ಕೆ ಬಿಂದುವೇ ಅಲ್ಲದ ಜಾಗದಲ್ಲಿ ಮೇಲೆ ಮೇಲೆ ಚುಚ್ಚಿದ ಸೂಜಿ, ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. 2007ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಆರು ತಿಂಗಳ ನಂತರ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4.

ಸೂಜಿ ಚಿಕಿತ್ಸೆ ಮಾಡುವವರು ಮೊದಲ ಮತ್ತು ಮೂರನೇ ಅಂಕಿ ತೋರಿಸುತ್ತಾರೆ. ಟೀಕಿಸುವವರು ಮೊದಲ ಮತ್ತು ಎರಡನೇ ಅಂಕಿ ತೋರಿಸುತ್ತಾರೆ. ಮೂರನ್ನೂ ಒಟ್ಟಿಗೆ ನೋಡಬೇಕು. ಸೂಜಿ ಚುಚ್ಚಿಸಿಕೊಂಡವರಿಗೆ ನಿಜವಾಗಿ ಹಗುರವಾಗಿದೆ, ಆದರೆ ಎಲ್ಲಿ ಚುಚ್ಚಿದರು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗಿಲ್ಲ. ದೀರ್ಘಕಾಲದ ನೋವಿನ ಹಲವು ಅಧ್ಯಯನಗಳಿಂದ ಸುಮಾರು 18 ಸಾವಿರ ರೋಗಿಗಳ ಮಾಹಿತಿ ಕೂಡಿಸಿ 2012ರಲ್ಲಿ ಮಾಡಿದ ವಿಶ್ಲೇಷಣೆ ಇದನ್ನೇ ಇನ್ನೊಂದು ರೀತಿ ಹೇಳುತ್ತದೆ. ನೋವು ನೂರಕ್ಕೆ 60 ಇದ್ದವರು ಸೂಜಿಯಿಲ್ಲದೆ 43ಕ್ಕೆ ಇಳಿದರೆ, ಸುಳ್ಳು ಸೂಜಿಯಿಂದ 35ಕ್ಕೆ, ನಿಜ ಸೂಜಿಯಿಂದ 30ಕ್ಕೆ ಇಳಿಯುತ್ತಾರೆ. ನಿಜಕ್ಕೂ ಸುಳ್ಳಿಗೂ ನಡುವೆ ಐದು ಅಂಕ.

ಹಾಗಾದರೆ ಉಳಿದದ್ದು ಎಲ್ಲಿಂದ ಬಂತು? ಚುಚ್ಚಿದಾಗ ನರ ಕೆರಳಿ ದೇಹದ್ದೇ ನೋವು ತಗ್ಗಿಸುವ ರಾಸಾಯನಿಕಗಳು ಹೊರಡುತ್ತವೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. ಅರ್ಧ ಗಂಟೆ ಮಲಗುವುದು, ಒಬ್ಬರು ಕೂತು ನಿಮ್ಮ ನೋವನ್ನು ಪೂರ್ತಿ ಕೇಳಿಸಿಕೊಳ್ಳುವುದು, ಗುಣವಾಗುತ್ತದೆ ಎಂಬ ನಿರೀಕ್ಷೆ, ಇವೂ ಸೇರಿವೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಎರಡು ನಿಮಿಷ ಸಿಗುವವರಿಗೆ ಈ ಅರ್ಧ ಗಂಟೆ ಸಣ್ಣದಲ್ಲ.

ಮೊಣಕಾಲಿನ ವಿಚಾರದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಸವೆತದ ನೋವಿಗೆ ಅಕ್ಯುಪಂಕ್ಚರ್ ಮಾಡಿ ನೋಡಬಹುದು ಎಂದು ಅಮೆರಿಕದ ಸಂಧಿವಾತ ತಜ್ಞರ ಸಂಘಟನೆ 2019ರಲ್ಲಿ ಷರತ್ತಿನೊಂದಿಗೆ ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಕೊಡಬೇಡಿ ಎಂದಿತು. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮತ್ತು ತೂಕ ಇಳಿಸುವುದರ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು.

ಚೀನಾದಿಂದ ಇಲ್ಲಿಗೆ

ಈ ಸೂಜಿ ಭಾರತಕ್ಕೆ ಬಂದ ಕಥೆಗೆ ನಮ್ಮ ಗಡಿಯ ಸೊಲ್ಲಾಪುರದ ಹೆಸರು ಅಂಟಿಕೊಂಡಿದೆ. 1938ರಲ್ಲಿ ಜಪಾನ್ ವಿರುದ್ಧ ಹೋರಾಡುತ್ತಿದ್ದ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. 1942ರಲ್ಲಿ ಅಲ್ಲೇ ತೀರಿಕೊಂಡರು. ಇಂದು ಎಷ್ಟೋ ಅಕ್ಯುಪಂಕ್ಚರ್ ಕೇಂದ್ರಗಳ ಗೋಡೆಯ ಮೇಲೆ ಅವರ ಚಿತ್ರವಿದೆ. ಆದರೆ ಕೋಟ್ನಿಸ್ ಅಲ್ಲಿ ಹೆಸರು ಮಾಡಿದ್ದು ಗಾಯಾಳು ಸೈನಿಕರಿಗೆ ಆಪರೇಷನ್ ಮಾಡಿದ ಸರ್ಜನ್ ಆಗಿ. ಸೂಜಿ ತಂದವರು ಅದೇ ತಂಡದ ಇನ್ನೊಬ್ಬರು, ಬಂಗಾಳದ ಬಿಜಯ್ ಕುಮಾರ್ ಬಸು. ಅವರು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಶುರು ಮಾಡಿದರು. ಬಸು ಎಂಬಿಬಿಎಸ್ ಓದಿದವರು ಎಂಬುದು ಗಮನಿಸಬೇಕಾದ ಮಾತು.

ಮುಂದೆ ಪಶ್ಚಿಮ ಬಂಗಾಳ 1996ರಲ್ಲಿ, ಮಹಾರಾಷ್ಟ್ರ 2015ರಲ್ಲಿ ಇದಕ್ಕೆ ಪ್ರತ್ಯೇಕ ಕಾನೂನು ಮಾಡಿದವು. ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಇದನ್ನು ಚಿಕಿತ್ಸಾ ವಿಧಾನವಾಗಿ ಬಳಸಬಹುದು ಎಂದು ಕೇಂದ್ರ ಸರ್ಕಾರ 2003ರಲ್ಲಿ ಹೇಳಿತ್ತು. 2019ರಲ್ಲಿ ಸ್ವತಂತ್ರ ಪದ್ಧತಿಯೆಂದು ಮಾನ್ಯ ಮಾಡಿತು. ಕರ್ನಾಟಕದಲ್ಲಿ ಕ್ರಮಬದ್ಧವಾಗಿ ಕಲಿಯುವ ಒಂದು ದಾರಿ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿ. 1989ರಲ್ಲಿ ಉಜಿರೆಯಲ್ಲಿ ಎಸ್‌ಡಿಎಂ ಕಾಲೇಜು ಶುರುವಾದಾಗಿನಿಂದ ನಮ್ಮಲ್ಲಿ ಈ ಓದು ಬೆಳೆದಿದೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಶರೀರ ರಚನೆ ಓದಿದ ಮೇಲೆ ಅಕ್ಯುಪಂಕ್ಚರ್ ಪಾಠ. ವೈದ್ಯರಲ್ಲದವರು ಪೂರ್ಣವಾಗಿ ಕಲಿಯಲು 2,500 ಗಂಟೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿ ಹೇಳುತ್ತದೆ. ದಿನಕ್ಕೆ ಆರು ಗಂಟೆಯಂತೆ ಹತ್ತು ದಿನದ ಶಿಬಿರ ಎಂದರೆ 60 ಗಂಟೆ.

ಆ ಉಳಿದ ಗಂಟೆಗಳಲ್ಲಿ ಕಲಿಸುವುದು ಬಹುಪಾಲು ರೋಗಿಯನ್ನು ನೋಡುವುದನ್ನು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿದರೆ, ಕಾಲು ಸೋತರೆ, ಜ್ವರವಿದ್ದು ತೂಕ ಇಳಿಯುತ್ತಿದ್ದರೆ ಅದು ಸೂಜಿಯ ಕೆಲಸವಲ್ಲ, ಅವತ್ತೇ ಹೊಸಪೇಟೆಗೋ ಬಳ್ಳಾರಿಗೋ ಕಳಿಸಬೇಕಾದ ರೋಗಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಬಸುರಿ ಹೆಂಗಸರು ಬಂದರೆ ಕೇಳಬೇಕಾದ ಪ್ರಶ್ನೆಗಳಿವೆ. ಇದು ಗೊತ್ತಿಲ್ಲದವರ ಸೂಜಿಗಿಂತ ಅವರ ಮಾತು ಹೆಚ್ಚು ಅಪಾಯ. "ಅಮ್ಮಾ, ಇನ್ನು ಆ ಬಿಪಿ ಮಾತ್ರೆ ಬೇಡ, ಶುಗರ್ ಮಾತ್ರೆ ನಿಲ್ಲಿಸಿಬಿಡಿ" ಎಂದರೆ ಮೊಣಕಾಲಿನ ನೋವು ಕಳೆಯಲು ಹೋದವರು ಪಾರ್ಶ್ವವಾಯು ಬಡಿದು ಮನೆ ಸೇರಬಹುದು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗೆ ಬದಲಾಗಿ ಸೂಜಿ ಸಾಕು ಎನ್ನಲು ಆಧಾರವಿಲ್ಲ. ಬೆರಳಿಗೆ ಮೆಂತ್ಯ, ಹೆಸರುಕಾಳು ಅಂಟಿಸುವ ಬೀಜ ಚಿಕಿತ್ಸೆಯಲ್ಲೂ ಇದೇ ಮಾತು. ಕಾಳಿನಿಂದ ತೊಂದರೆಯಿಲ್ಲ, ಮಾತ್ರೆ ಬಿಟ್ಟರೆ ತೊಂದರೆ.

ಹೋಗಲೇಬೇಕು ಅನ್ನಿಸಿದರೆ ಓದಿನ ವಿವರ ಮತ್ತು ನೋಂದಣಿ ಸಂಖ್ಯೆ ಕೇಳಿ. ನಿಮ್ಮ ಎಲ್ಲ ಮಾತ್ರೆಗಳ ಚೀಟಿ ತೋರಿಸಿ, ಅವರು ಓದುತ್ತಾರೆಯೇ ನೋಡಿ. ಸೂಜಿಯ ಹೊಸ ಪೊಟ್ಟಣ ನಿಮ್ಮೆದುರೇ ಒಡೆಯಬೇಕು. ಚಿಕಿತ್ಸೆ ಮುಗಿದ ಮೇಲೆ ಆ ಸೂಜಿಗಳು ಎಲ್ಲಿಗೆ ಹೋದವು ಎಂಬುದನ್ನೂ ಗಮನಿಸಿ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅವು ಬೀಳಬೇಕಾದದ್ದು ತೂತಾಗದಂಥ ಬಿಳಿ ಡಬ್ಬಿಗೆ. ಸ್ಪಿರಿಟ್ ಬಟ್ಟಲಿಗೆ ವಾಪಸ್ ಹೋದರೆ ಎರಡನೇ ಸಲ ಅಲ್ಲಿಗೆ ಹೋಗಬೇಡಿ.