ಅಭ್ಯಂಗವೂ ಅಂತರ್ಜಾಲವೂ

ಕಳೆದ ತಿಂಗಳು ಒಂದು ಸಂಜೆ, ಹೇಮಾವತಿಯ ದಂಡೆಯಲ್ಲಿ ಅಡ್ಡಾಡಿ ಬಂದು ಮನೆಯ ಜಗಲಿಯ ಮೇಲೆ ಕುಳಿತಿದ್ದೆನು. ಹಳೆಯ ಶಿಷ್ಯಳೊಬ್ಬಳು ಬಂದು ನಮಸ್ಕರಿಸಿದಳು. ಹಿಂದೆ ನನ್ನ ತರಗತಿಯಲ್ಲಿ ಶಬ್ದರೂಪಗಳನ್ನು ಒಪ್ಪಿಸುತ್ತಿದ್ದ ಹುಡುಗಿ, ಈಗ ಎರಡು ಮಕ್ಕಳ ತಾಯಿ. ಹಾಸನದ ಒಂದು ಚಿಕಿತ್ಸಾಲಯದಲ್ಲಿ ಎಣ್ಣೆ ಒತ್ತುವ ಕೆಲಸವನ್ನು ಕ್ರಮವಾಗಿ ಕಲಿತು, ಕೆಲವು ವರ್ಷ ಅಲ್ಲಿಯೇ ದುಡಿದು, ಅನಂತರ ಹೊಳೆನರಸೀಪುರಕ್ಕೆ ಹಿಂದಿರುಗಿ, ಬಾಣಂತಿಯರಿಗೂ ಶಿಶುಗಳಿಗೂ ವಯಸ್ಸಾದ ಹೆಂಗಸರಿಗೂ ಮನೆಮನೆಗೆ ಹೋಗಿ ಅಭ್ಯಂಗ ಮಾಡುತ್ತಾಳೆ.

"ಮೇಷ್ಟ್ರೇ, ನನ್ನ ಮಗ ಹೇಳ್ತಾನೆ, ಕೆಲಸವನ್ನೆಲ್ಲ ಮೊಬೈಲಿಗೆ ಹಾಕಮ್ಮ, ಮನೇಲಿ ಕೂತೇ ಸಂಪಾದನೆ ಆಗುತ್ತೆ ಅಂತ. ಕೈಯನ್ನ ಮೊಬೈಲಿನಲ್ಲಿ ಕಳಿಸೋದು ಹೇಗೆ, ನೀವೇ ಹೇಳಿ" ಎಂದು ನಕ್ಕಳು. ನಗುತ್ತಲೇ ಬಲಗೈಯ ಹೆಬ್ಬೆರಳನ್ನು ಎಡಗೈಯಿಂದ ಹಿಡಿದುಕೊಂಡಳು. ಅದರ ಬುಡ ಊದಿಕೊಂಡಿದ್ದಿತು.

ಪ್ರಶ್ನೆ ನಗೆಯದಾದರೂ ಊತ ನಗೆಯದಲ್ಲವೆಂದು ತಿಳಿದು, ಒಳಗೆ ಕರೆದು ಕೂರಿಸಿ ಲೆಕ್ಕ ಕೇಳಿದೆನು. ಒಂದು ಮೈಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ದಿನಕ್ಕೆ ನಾಲ್ಕು ಮನೆ. ಮನೆಗೆ 300 ರೂಪಾಯಿ. ದಿನಕ್ಕೆ 1200 ರೂಪಾಯಿಯಾಯಿತು. ಅದರಲ್ಲಿ ಎಣ್ಣೆಯ ಖರ್ಚು, ಬಸ್ಸಿನ ಖರ್ಚು ಕಳೆಯತಕ್ಕದ್ದು. ಐದನೆಯ ಮನೆಗೆ ಹೋಗೋಣವೆಂದರೆ ಕೈ ಒಪ್ಪದು. ವಾರದಲ್ಲಿ ಆರು ದಿನ ಹೆಬ್ಬೆರಳಿಗೆ ವಿಶ್ರಾಂತಿ ಕೊಟ್ಟರೆ 7200 ರೂಪಾಯಿ ಹೋದಂತೆಯೇ. ಉಪಾಧ್ಯಾಯನಾದವನಿಗೆ ಗಂಟಲು ಕಟ್ಟಿದರೂ ಸಂಬಳ ನಿಲ್ಲದು. ಇವಳ ಬಂಡವಾಳವೆಲ್ಲ ಹತ್ತು ಬೆರಳುಗಳು. ಅಂಗಮರ್ದನ ಮಾಡುವವರು ಬೇರೆಯವರ ನೋವನ್ನು ಕಳೆದು ಕಡೆಗೆ ತಮ್ಮ ಕೈಯಲ್ಲಿ ನೋವನ್ನು ಉಳಿಸಿಕೊಳ್ಳುವುದು ಈ ವೃತ್ತಿಯ ಹಳೆಯ ಕಷ್ಟ. ಆದುದರಿಂದ ಕೈಗೆ ಬಿಡುವು ಕೊಟ್ಟು ಮನೆಯೊಲೆ ಉರಿಯುವ ದಾರಿ ಯಾವುದೆಂಬುದು ಅವಳ ನಿಜವಾದ ಪ್ರಶ್ನೆ.

ಈ ಪುಟವನ್ನು ಓದುವ ಗೃಹಸ್ಥರಲ್ಲಿ ಕೆಲವರು, ಎಣ್ಣೆ ಒತ್ತುವುದು ಒಂದು ವಿದ್ಯೆಯೆ ಎಂದು ಕೇಳಬಹುದು. ನರಕ ಚತುರ್ದಶಿಯ ಬೆಳಗ್ಗೆ ಅಜ್ಜಿಯ ಕೈಯಿಂದ ನೆತ್ತಿಗೆ ಎಣ್ಣೆ ಹಚ್ಚಿಸಿಕೊಂಡವರು ಹಾಗೆ ಕೇಳಲಾರರು. ಎಳ್ಳಿನ ನೆಯ್ಯೇ ನಮ್ಮ 'ಎಣ್ಣೆ' ಎಂಬ ಮಾತಾಯಿತು. ಅಭ್ಯಂಗವೆಂಬುದು ಲೇಪಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಎಣ್ಣೆ ಕುಡಿದ ಮಡಕೆ, ಎಣ್ಣೆ ಸವರಿದ ತೊಗಲು, ಎಣ್ಣೆ ಕಂಡ ಗಾಡಿಯ ಅಚ್ಚು, ಇವು ಬಾಳಿಕೆ ಬರುವಂತೆ ಶರೀರವೂ ಅಭ್ಯಂಗದಿಂದ ದೃಢವಾಗುವುದೆಂಬ ಉಪಮಾನವಿದೆ. ವಾಗ್ಭಟನು ಅದನ್ನು ದಿನಚರ್ಯೆಯಲ್ಲಿಯೇ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದನು. ಅಜೀರ್ಣವಿದ್ದವರಿಗೂ ಕಫ ಹೆಚ್ಚಿದವರಿಗೂ ಕೂಡದೆಂದೂ ಹೇಳಿದನು. ನಮ್ಮ ಜಿಲ್ಲೆಯ ಹಾಸನದಲ್ಲಿ 1992ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಮಹಾವಿದ್ಯಾಲಯ ಮತ್ತು ಆಸ್ಪತ್ರೆಯಿಂದಾಗಿ, ಅಜ್ಜಿಯ ಕೈಯಲ್ಲಿದ್ದ ಈ ವಿದ್ಯೆ ಪಂಚಕರ್ಮದ ಪಾಠವಾಗಿ ನಮ್ಮ ಜನರ ಸಮೀಪಕ್ಕೆ ಬಂದಿದೆ.

ಇನ್ನು ನನ್ನ ಒಂದು ಅವಿವೇಕವನ್ನು ಹೇಳಿಬಿಡುವೆನು. ಹೋದ ವರ್ಷ ನಮ್ಮ ಮನೆಯವಳಿಗೆ ಬಲಭುಜದಲ್ಲಿ ನೋವು ಬಂದಿತು. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮರು ಭುಜವನ್ನು ಒತ್ತುವ ಬಗೆಯನ್ನು ತೋರಿಸುತ್ತಿದ್ದರು. ಪುಸ್ತಕ ನೋಡಿ ಪಾಠ ಹೇಳಿದವನಿಗೆ ಚಿತ್ರ ನೋಡಿ ಭುಜ ಒತ್ತುವುದು ಅಸಾಧ್ಯವೆ ಎಂದು ನಾನು ಕೈಹಾಕಿದೆನು. ಎರಡು ದಿನ ಆಕೆಗೆ ಜಡೆ ಹೆಣೆದುಕೊಳ್ಳಲೂ ಕೈ ಏಳಲಿಲ್ಲ. ಮೂರನೆಯ ದಿನ ಈ ಶಿಷ್ಯಳನ್ನು ಕರೆಸಿದೆವು. ಆಕೆ ಭುಜವನ್ನು ಮುಟ್ಟಿ, ಬೆರಳನ್ನು ಮೆಲ್ಲನೆ ಕತ್ತಿನ ಕಡೆಗೆ ಸರಿಸಿ, "ಇಲ್ಲಿ ಅಲ್ವೇನಮ್ಮ?" ಎಂದಳು. ಅಲ್ಲಿಯೇ! ನೋವು ಭುಜದಲ್ಲಿ, ಬಿಗಿತ ಕತ್ತಿನಲ್ಲಿ. ಮೊದಲು ವೈದ್ಯರಿಗೆ ತೋರಿಸಿ ಬನ್ನಿ ಎಂದು ಕಳುಹಿಸಿ, ಅವರು ಒಪ್ಪಿದ ಮೇಲೆ ನಾಲ್ಕು ದಿನ ಬಂದು ಅಭ್ಯಂಗ ಮಾಡಿದಳು. ಆಮೇಲೆ ಆಕೆ ಅರಕಲಗೂಡಿನಲ್ಲಿ ಒಂದು ಬಾಣಂತನಕ್ಕೆ ಹೋದಾಗ, ಮೊಬೈಲಿನಲ್ಲಿ ಮುಖ ತೋರಿಸಿ, "ಮೇಷ್ಟ್ರೇ, ಅಂಗೈಯಿಂದ ಸವರಿ, ಬೆರಳಿಂದ ಒತ್ತಬೇಡಿ, ಅಮ್ಮ ಮುಖ ಕಿವುಚಿದರೆ ನಿಲ್ಲಿಸಿಬಿಡಿ" ಎಂದು ನನ್ನಿಂದಲೇ ಆ ಕೆಲಸವನ್ನು ಮಾಡಿಸಿದಳು. ಈ ಸಲ ಅಪಾಯವೇನೂ ಆಗಲಿಲ್ಲ.

ಎರಡು ಸಲವೂ ನನ್ನ ಕೈ ಅದೇ, ಮೊಬೈಲೂ ಅದೇ. ವ್ಯತ್ಯಾಸವಿದ್ದುದು ಒಂದೇ: ಎರಡನೆಯ ಸಲ ತೋರಿಸಿದವಳು ಆ ಭುಜವನ್ನು ಮೊದಲು ಮುಟ್ಟಿ ತಿಳಿದಿದ್ದಳು. ಸ್ಪರ್ಶವು ದೂರ ಹೋಗಲಾರದು. ಆದರೆ ಸ್ಪರ್ಶದಿಂದ ಪಡೆದ ಜ್ಞಾನವು ಹೋಗಬಲ್ಲದು. ಅವಳಿಗೆ ನಾನು ಕೊಟ್ಟ ಉತ್ತರದ ಸಾರವಿದು: ಕೈ ಮುಂದೆ ನಡೆಯಲಿ, ಅಂತರ್ಜಾಲ ಅದರ ಹಿಂದೆ ಬರಲಿ.

ಹಾಗಾದರೆ ಅಂತರ್ಜಾಲದಿಂದ ಆಗಬಹುದಾದುದೇನು? ಮೊದಲನೆಯದಾಗಿ, ಬರುವ ದಿನವನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಬಾಗಿಲವರೆಗೆ ಹೋಗಿ ಬೀಗ ನೋಡಿ ಹಿಂದಿರುಗುವುದು ತಪ್ಪುವುದು. ಎರಡನೆಯದಾಗಿ, ಜ್ವರವುಂಟೆ, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾಯಿತೆ, ಒಂದೇ ಕಾಲಿನ ಮೀನಖಂಡ ಊದಿ ಕೆಂಪಾಗಿದೆಯೆ ಎಂದು ಮುಂಚಿತವಾಗಿ ವಿಚಾರಿಸಬಹುದು. ಹಾಗೆ ಊದಿದ ಕಾಲಿನೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕುವುದು ಪ್ರಾಣಾಪಾಯ. ಅಂಥವರಿಗೆ ಎಣ್ಣೆಯಲ್ಲ, ಆಸ್ಪತ್ರೆಯೇ ಗತಿ. ಮೂರನೆಯದಾಗಿ, ನಮ್ಮೂರಿನ ಎಷ್ಟೋ ಮನೆಗಳಲ್ಲಿ ವೃದ್ಧ ದಂಪತಿಗಳು ಮಾತ್ರ ಇರುವರು. ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುವರು. ತಾಯಿಯ ಮೊಣಕಾಲಿಗೆ ವಾರಕ್ಕೊಮ್ಮೆ ಎಣ್ಣೆ ಒತ್ತಿಸಲು ಮಗನು ಅಲ್ಲಿಂದಲೇ ಏರ್ಪಾಡು ಮಾಡಿ ಹಣ ಕಳುಹಿಸಬಹುದು. ನಾಲ್ಕನೆಯದು ಬೋಧನೆ: ಪಾದಕ್ಕೆ ತಾನೇ ಎಣ್ಣೆ ಹಚ್ಚಿಕೊಳ್ಳುವ ಕ್ರಮ, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ನೀವುವ ಕ್ರಮ, ಇವನ್ನು ಹತ್ತು ಮಂದಿ ಗೃಹಿಣಿಯರಿಗೆ ಒಟ್ಟಿಗೆ ಕಲಿಸಬಹುದು. ಹೆಬ್ಬೆರಳಿಗೆ ಬಿಡುವು ದೊರೆಯುವುದು ಇಲ್ಲಿಯೇ.

ಆಗಬಾರದುದೂ ಉಂಟು. ಮನೆಯಲ್ಲಿ ಮೂಲಿಕೆ ಹಾಕಿ ಕಾಯಿಸಿದ ತೈಲವನ್ನು ಔಷಧವೆಂದು ಸೀಸೆಯಲ್ಲಿ ತುಂಬಿ ಮಾರಲಾಗದು. ಮಾರಾಟಕ್ಕಾಗಿ ಆಯುರ್ವೇದ ಔಷಧವನ್ನು ತಯಾರಿಸಲು 1940ರ ಔಷಧಗಳ ಕಾನೂನಿನಂತೆ ಪರವಾನಗಿ ಬೇಕು. ಈ ಎಣ್ಣೆಯಿಂದ ಸಕ್ಕರೆಕಾಯಿಲೆ ಹೋಗುವುದು, ಪಾರ್ಶ್ವವಾಯು ಗುಣವಾಗುವುದು ಎಂದು ಸಾರುವುದನ್ನು 1954ರ ಜಾಹೀರಾತು ಕಾನೂನು ನಿಷೇಧಿಸಿದೆ. ಕಾನೂನಿಲ್ಲದಿದ್ದರೂ ಸುಳ್ಳು ಸುಳ್ಳೇ. ಬಂದವರ ಚಿತ್ರ ತೆಗೆದು ಹತ್ತು ಜನಕ್ಕೆ ತೋರಿಸಿ ಕೀರ್ತಿ ಗಳಿಸುವುದೂ ಬೇಡ. ಎಣ್ಣೆ ಒತ್ತಿಸಿಕೊಳ್ಳುವವರು ಮೈಯ ಜೊತೆಗೆ ಮಾನವನ್ನೂ ನಂಬಿ ಕೊಟ್ಟಿರುತ್ತಾರೆ.

"ಹಾಗಾದ್ರೆ ಯಾವುದಾದ್ರೂ ದೊಡ್ಡ ಕಂಪನಿಗೆ ಸೇರಿಬಿಡಲಾ ಮೇಷ್ಟ್ರೇ? ಗಿರಾಕೀನ ಅವರೇ ಹುಡುಕಿ ಕೊಡ್ತಾರಂತೆ" ಎಂದಳು.

ಆಗ ನನಗೆ ಶೂದ್ರಕನ ಮೃಚ್ಛಕಟಿಕ ನೆನಪಾಯಿತು. ಅದರಲ್ಲಿ ಸಂವಾಹಕನೆಂಬವನು ಮೈಯೊತ್ತುವವನು. ಪಾಟಲಿಪುತ್ರದವನು, ಕಲೆಯೆಂದು ಕಲಿತ ವಿದ್ಯೆ ಉಜ್ಜಯಿನಿಯಲ್ಲಿ ಅವನಿಗೆ ಜೀವನೋಪಾಯವಾಯಿತು. ಅವನ ಯಜಮಾನ ಚಾರುದತ್ತನು ಸಜ್ಜನರಲ್ಲಿ ಸಜ್ಜನ. ಆದರೆ ಯಜಮಾನನೊಬ್ಬನೇ! ಚಾರುದತ್ತನು ಬಡವನಾದ ಕೂಡಲೆ ಇವನ ಅನ್ನವೂ ಹೋಯಿತು. ಜೂಜಿಗೆ ಬಿದ್ದನು, ಹತ್ತು ಸುವರ್ಣದ ಸಾಲಕ್ಕೆ ಸಿಕ್ಕಿದನು. ವಸಂತಸೇನೆ ಆ ಸಾಲವನ್ನು ತೀರಿಸಿದಾಗ, ಪ್ರತಿಯಾಗಿ ನನ್ನ ಕಲೆಯನ್ನು ನಿಮ್ಮ ಪರಿಜನರಿಗೆ ಕಲಿಸಿಕೊಡುವೆನೆಂದು ಅವನು ಕೇಳಿಕೊಂಡನು. ಕಲಿಸುವುದೂ ಒಂದು ಸಂಪತ್ತೆಂಬ ಬುದ್ಧಿ ಅವನಿಗೆ ಎಲ್ಲವನ್ನೂ ಕಳೆದುಕೊಂಡ ಮೇಲೆ ಬಂದಿತು.

ಮನೆಗೇ ಬಂದು ಅಂಗಮರ್ದನ, ಕೇಶಾಲಂಕಾರ ಮೊದಲಾದವನ್ನು ಮಾಡುವವರನ್ನು ಒದಗಿಸುವ ಅರ್ಬನ್ ಕಂಪನಿಯು 2014ರಲ್ಲಿ ಬೇರೆ ಹೆಸರಿನಿಂದ ಆರಂಭವಾಯಿತು. ಬೆಂಗಳೂರಿನಂಥ ನಗರಗಳಲ್ಲಿ ಅನೇಕ ಹೆಂಗಸರಿಗೆ ಅದರಿಂದ ಕೆಲಸ ದೊರೆತಿರುವುದು ನಿಜ. ಆದರೆ 2021ರ ಅಕ್ಟೋಬರಿನಲ್ಲಿ ಗುರುಗ್ರಾಮದಲ್ಲಿ ಅದರ ಕಚೇರಿಯ ಮುಂದೆ ದುಡಿಯುವ ಹೆಂಗಸರೇ ಕುಳಿತು, ಕಂಪನಿ ಹಿಡಿದುಕೊಳ್ಳುವ ಕಮಿಷನ್ ಹೆಚ್ಚಾಯಿತು, ದಂಡಗಳು ಹೆಚ್ಚಾದುವು ಎಂದು ಪ್ರತಿಭಟಿಸಿದರು. ಬಳಿಕ ಕಂಪನಿಯು ಕಮಿಷನ್ನನ್ನು ಇಳಿಸುವುದಾಗಿ ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಶಾಸನವಾಗಿದೆ. ಇಂಥ ಸಂಸ್ಥೆಗಳು ಕಾರ್ಮಿಕರಿಗೆ ಕೊಡುವ ಹಣದ ಮೇಲೆ ನೂರಕ್ಕೆ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಸಲ್ಲಿಸಬೇಕು. ಕಾರಣವನ್ನು ಬರೆದು ತಿಳಿಸಿ 14 ದಿನಗಳ ಮುನ್ಸೂಚನೆ ಕೊಡದೆ ಕೆಲಸದಿಂದ ತೆಗೆಯಕೂಡದು ಎಂದು ಅದರಲ್ಲಿ ವಿಧಿಸಿದೆ. ಒಳ್ಳೆಯ ಶಾಸನ. ಆದರೂ ಗಿರಾಕಿಯ ಹೆಸರು ಕಂಪನಿಯ ಪುಸ್ತಕದಲ್ಲಿ ಮಾತ್ರ ಇದ್ದು ನಿನ್ನ ಪುಸ್ತಕದಲ್ಲಿ ಇಲ್ಲದಿದ್ದರೆ, ನೀನೂ ಒಬ್ಬನೇ ಯಜಮಾನನ ಸಂವಾಹಕಳಾದೆ ಎಂದೆನು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೂರು ಮನೆ ಇವೆ ಮೇಷ್ಟ್ರೇ, ಎಲ್ಲ ನನ್ನ ತಲೇಲಿವೆ, ಬರೆದಿಲ್ಲ" ಎಂದಳು. ನನ್ನ ಮೇಜಿನ ಮೇಲಿದ್ದ ಹೊಸ ನೋಟುಪುಸ್ತಕವನ್ನು ಕೊಟ್ಟೆನು.

ಮೊನ್ನೆ ಬಂದು ತೋರಿಸಿದಳು. ಹೆಸರು, ವಯಸ್ಸು, ಎಲ್ಲಿ ನೋವು, ಯಾವ ಎಣ್ಣೆ, ವೈದ್ಯರು ಏನೆಂದರು, ಎಲ್ಲವೂ ಹಳೆಯ ದುಂಡಕ್ಷರದಲ್ಲಿಯೇ ಇವೆ. ಈಗ ದಿನಕ್ಕೆ ಮೂರೇ ಮನೆ. ಶನಿವಾರ ಮಧ್ಯಾಹ್ನ ಮೊಬೈಲಿನಲ್ಲಿ ಆರು ಮಂದಿ ಸೊಸೆಯರಿಗೆ ಕೂಸಿನ ಅಭ್ಯಂಗದ ಪಾಠ. ಆರು ಕೂಸುಗಳನ್ನೂ ಮೊದಲು ತಾನು ಎತ್ತಿಕೊಂಡು ನೋಡಿದವಳೇ. ನಾಲ್ಕನೆಯ ಮನೆಯ ಹಣ ಆ ಪಾಠದಿಂದ ಪೂರ್ತಿಯಾಗಿ ಇನ್ನೂ ಬಂದಿಲ್ಲ, ಅರ್ಧ ಬಂದಿದೆ. ಹೆಬ್ಬೆರಳಿನ ಊತ ಇಳಿದಿದೆ.

ನಮ್ಮ ಗೃಹಸ್ಥರಿಗೆ ಒಂದು ಮಾತು. ನಿಮ್ಮ ಮನೆಗೆ ಬಂದು ಎಣ್ಣೆ ಒತ್ತುವವಳು ಮುಂದಿನ ಸಲ ಬಂದಾಗ, ಕೂಲಿ ಕೊಡುವ ಮುನ್ನ ಅವಳ ಕೈಯನ್ನು ಒಮ್ಮೆ ನೋಡಿರಿ. ಆಮೇಲೆ ಚೌಕಾಸಿ ಮಾಡಲು ನಾಲಗೆ ಏಳದು.