ಎತ್ತಿನ ಹಲ್ಲು ಎಣಿಸುವವರು ಟ್ರ್ಯಾಕ್ಟರಿನ ಬಣ್ಣಕ್ಕೆ ಮರುಳಾದರೆ ಹೆಂಗ?

ದನದ ಸಂತೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೋಡಬೇಕು. ಬಾಯಿ ತೆಗೆಸಿ ಹಲ್ಲು ಎಣಿಸುತ್ತಾನೆ. ಸುಳಿ ನೋಡುತ್ತಾನೆ. ಬೆನ್ನ ಮೇಲೆ ಕೈಯಾಡಿಸಿ, ಹತ್ತು ಹೆಜ್ಜೆ ನಡೆಸಿ, ಕಾಲು ಎಳೀತದೋ ಏನೋ ಎಂದು ಬಗ್ಗಿ ನೋಡುತ್ತಾನೆ. ಇಷ್ಟಾದ ಮೇಲೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರುವಷ್ಟರಲ್ಲಿ ಮೂರು ಕಪ್ಪು ಚಹಾ ಆಗಿರುತ್ತದೆ. ಅದೇ ರೈತ ನಾಲ್ಕೈದು ಲಕ್ಷ ರೂಪಾಯಿ ಕಟ್ಟಿಕೊಂಡು ಹಳೇ ಟ್ರ್ಯಾಕ್ಟರ್ ತರಲು ಹೋದಾಗ ಏನು ಮಾಡುತ್ತಾನೆ? ಹೊಸದಾಗಿ ಹೊಡೆದ ಬಣ್ಣ, ಹೊಸ ಸೀಟಿನ ಹೊದಿಕೆ, ಮುಂದೆ ಕಟ್ಟಿದ ಹೂವಿನ ಹಾರ ನೋಡುತ್ತಾನೆ. "ಒಬ್ಬನೇ ಮಾಲಕ ರೀ, ಮನೀ ಹೊಲಕ್ಕಷ್ಟೇ ಹೊಡದೈತಿ" ಎಂದು ದಲಾಲ ಹೇಳಿದ್ದನ್ನು ಕೇಳುತ್ತಾನೆ. ಅರ್ಧ ತಾಸಿನಲ್ಲಿ ಸಂಚಕಾರ ಕೊಟ್ಟು ಬಂದುಬಿಡುತ್ತಾನೆ.

ಈ ಮಾತನ್ನು ಜಿಲ್ಲೆಯಲ್ಲಿ ಬೇರೆ ಯಾವ ಊರಿಗಿಂತ ಮೊದಲು ಕಣಗಿನಹಾಳಕ್ಕೆ ಹೇಳಬೇಕು. ಕಾರಣ ಇದೆ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದು ಈ ಊರಲ್ಲೇ. ಸಹಕಾರಿ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಕಣಗಿನಹಾಳ ಇಡೀ ದೇಶಕ್ಕೆ ದಾರಿ ತೋರಿಸಿತು. ಆ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಬಿಗಿ ಇತ್ತು. ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ, ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಆಸ್ತಿಗೂ ಬಿಸಿ ತಟ್ಟುತ್ತಿತ್ತು. ಹೀಗಾಗಿ ಸಾಲ ಕೇಳಿದವನು ಯಾತಕ್ಕೆ ಕೇಳುತ್ತಾನೆ, ಕೊಳ್ಳುವ ಎತ್ತು ದುಡಿಯುವಂಥದ್ದೋ ಎಂದು ವಿಚಾರಿಸುವುದು ಇಡೀ ಊರಿನ ಕೆಲಸವಾಗಿತ್ತು. ಇವತ್ತು ಎತ್ತಿನ ಜಾಗಕ್ಕೆ ಯಂತ್ರ ಬಂತು, ಸಾಲದ ಗಾತ್ರ ಬೆಳೆಯಿತು. ವಿಚಾರಿಸುವವರು ಮಾತ್ರ ಕಡಿಮೆಯಾದರು.

ಇದು ಹಳ್ಳಿಯವರ ಪಾಡು, ಪೇಟೆಯವರಿಗೇನು ಎನ್ನುವಂತಿಲ್ಲ. ಮುಂಗಾರಿ ಮಳೆ ಬೀಳುವ ಹೊತ್ತಿಗೆ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಕೊಂಡು ಕುಂತರೆ ಹೆಸರು ಬಿತ್ತಿಗೆಯ ಹದ ತಪ್ಪುತ್ತದೆ. ಎರಿ ಹೊಲದ ಹದ ಎಷ್ಟು ದಿನ ಇರುತ್ತದೆ ಎಂಬುದು ಗದಗಿನ ಅಡತಿ ಅಂಗಡಿಯವರಿಗೂ ಗೊತ್ತು. ಫೈನಾನ್ಸಿನ ಕಂತು ಮಾತ್ರ ಹದ ನೋಡಿ ಬರುವುದಿಲ್ಲ. ಹಳೇ ಗಾಡಿಯ ಸಾಲಕ್ಕೆ ಬಡ್ಡಿ ಹೊಸದಕ್ಕಿಂತ ಜಾಸ್ತಿ. ಕಂತು ಕಟ್ಟಿ ಉಳಿದರಲ್ಲವೇ ಬೀಜದ ಅಂಗಡಿ, ಕಿರಾಣಿ, ಬಟ್ಟೆ ಅಂಗಡಿಯ ಉದ್ರಿ ಚುಕ್ತಾ ಆಗುವುದು?

ಕೊಳ್ಳುವವರು ಮೊದಲು ಕೇಳಬೇಕಾದ್ದು ಗಾಡಿ ಎಷ್ಟು ವರ್ಷದ್ದು ಎಂದಲ್ಲ, ಎಲ್ಲಿ ದುಡಿದದ್ದು ಎಂದು. ನೋಂದಣಿ ಸಂಖ್ಯೆಯಲ್ಲೇ ಅರ್ಧ ಜಾತಕ ಇರುತ್ತದೆ. ಕೆಎ 26 ಎಂದರೆ ಗದಗ. ಕೆಎ 37 ಕೊಪ್ಪಳ, ಕೆಎ 36 ರಾಯಚೂರು. ಗಂಗಾವತಿ, ಸಿಂಧನೂರು ಕಡೆಯ ಗಾಡಿಯಾದರೆ ಭತ್ತದ ಗದ್ದೆಯ ಕೆಸರಿನಲ್ಲಿ ಕಬ್ಬಿಣದ ಗಾಲಿ ಕಟ್ಟಿಕೊಂಡು ತಿರುಗಿರುವ ಸಂಭವ ಹೆಚ್ಚು. ಅಂಥದರಲ್ಲಿ ಹಿಂದಿನ ಆಕ್ಸಲ್ ಸೀಲು ಹೋಗಿ, ಕೆಸರು ನೀರು ಒಳಗಿಳಿದು, ಬೇರಿಂಗು ಬ್ರೇಕು ತಿಂದಿರಬಹುದು. ಕಬ್ಬಿನ ಫ್ಯಾಕ್ಟರಿಗೆ ಎರಡೆರಡು ಟ್ರೇಲರ್ ಎಳೆದ ಗಾಡಿಯ ಕ್ಲಚ್, ಗೇರು, ಕೊಕ್ಕೆ ಸವೆದಿರುತ್ತವೆ. ತುಂಗಭದ್ರೆಯ ಮರಳು ಹೊತ್ತ ಗಾಡಿಗೂ ಅದೇ ಗತಿ. ಎರಿ ಹೊಲದಲ್ಲಿ ರೆಂಟೆ ಹೊಡೆದದ್ದು ಇದ್ದುದರಲ್ಲಿ ವಾಸಿ. ಆದರೆ ಮಾರುವವರು ಎಲ್ಲ ಗಾಡಿಗೂ "ಬರೀ ಹೊಲದ್ದು" ಅಂತಲೇ ಹೇಳುವುದು. ಟ್ರೇಲರ್ ಸಿಕ್ಕಿಸುವ ಕೊಕ್ಕೆಯ ತೂತು ದುಂಡಗೆ ಇದೆಯೋ, ತಿಂದು ಉದ್ದ ಆಗಿದೆಯೋ ಎಂದು ಬೆರಳಿಟ್ಟು ನೋಡಿದರೆ ಸುಳ್ಳು ಅಲ್ಲೇ ಸಿಗುತ್ತದೆ.

ಇನ್ನು ಎಂಜಿನ್. ನೋಡಲು ಹೋಗುವುದು ಬೆಳಿಗ್ಗೆ, ಅದೂ ಹೇಳದೆ. ಹೋದ ಕೂಡಲೆ ಮಾಡುವ ಕೆಲಸ, ಬಾನೆಟ್ ಎತ್ತಿ ಎಂಜಿನ್ ಮೇಲೆ ಅಂಗೈ ಇಡುವುದು. ಬಿಸಿ ಇದ್ದರೆ ಯಾರೋ ಮೊದಲೇ ಚಾಲೂ ಮಾಡಿ ತಯಾರಿ ಮಾಡಿದ್ದಾರೆ ಎಂದೇ ಅರ್ಥ. ತಂಪಾಗುವ ತನಕ ಕೂಡಬೇಕು, ಇಲ್ಲವೇ ಮರುದಿನ ಬರಬೇಕು. ತಂಪು ಎಂಜಿನ್ ಚಾಲೂ ಆಗುವಾಗ ಒಂದಿಷ್ಟು ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಸುಡುತ್ತಿಲ್ಲ, ಇಲ್ಲಾ ನೀರು ಒಳಗೆ ಹೋಗುತ್ತಿದೆ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ, ಅಂದರೆ ರಿಂಗು, ಲೈನರ್ ಕೆಲಸ ತಲೆ ಮೇಲೆ ಬಂತು. ಕಪ್ಪು ಹೊಗೆಗೆ ಏರ್ ಫಿಲ್ಟರ್ ಕಟ್ಟಿದ್ದೋ ನಾಜಲ್ ಕೆಟ್ಟದ್ದೋ ಕಾರಣ ಇರಬಹುದು, ಅದು ಸಣ್ಣ ಖರ್ಚಿನಲ್ಲಿ ಹೋದರೂ ಹೋದೀತು. ಎಂಜಿನ್ ನಡೆಯುವಾಗಲೇ ಎಣ್ಣೆ ಹಾಕುವ ಮುಚ್ಚಳ ಸಡಿಲಿಸಿ ನೋಡಬೇಕು; ಭುಸ್ ಭುಸ್ ಎಂದು ಹೊಗೆ ಉಗುಳಿದರೆ ಬಣ್ಣ ಎಷ್ಟು ಹೊಳೆದರೂ ಒಳಗೆ ಮುದಿಯಾಗಿದೆ. ಎಣ್ಣೆ ಕಡ್ಡಿ ಎಳೆದಾಗ ಹಾಲಿನ ಚಹಾದ ಬಣ್ಣ ಕಂಡರೆ ಎಣ್ಣೆಗೆ ನೀರು ಬೆರೆತಿದೆ. ಆ ಗಾಡಿಯ ಮಾತು ಅಲ್ಲಿಗೇ ಬಿಡುವುದು ಒಳ್ಳೇದು.

ತಾಸಿನ ಮೀಟರನ್ನು ದೇವರ ಮಾತಿನಂತೆ ನಂಬುವವರಿದ್ದಾರೆ. ಹಳೇ ನಮೂನೆಯ ಮೀಟರ್ ಎಂಜಿನ್ ಪೂರ್ತಿ ವೇಗದಲ್ಲಿದ್ದರೆ ಮಾತ್ರ ತಾಸಿಗೆ ತಾಸು ಎಣಿಸುತ್ತದೆ. ಮೆಲ್ಲಗೆ ಓಡಿದ ತಾಸು ಅದರ ಲೆಕ್ಕದಲ್ಲಿ ಕಡಿಮೆ. ಕೇಬಲ್ ಬಿಚ್ಚಿಟ್ಟರೆ ಅದೂ ಇಲ್ಲ. ಮೀಟರ್ ಎರಡು ಸಾವಿರ ತಾಸು ತೋರಿಸುತ್ತಿದ್ದು, ಕ್ಲಚ್ ಪೆಡಲಿನ ಗೆರೆ ಅಳಿಸಿ ನುಣ್ಣಗಾಗಿದ್ದರೆ ಪೆಡಲನ್ನು ನಂಬುವುದು ಲೇಸು.

ಕೂತು ಹೊಡೆಯದೆ ಕೊಳ್ಳಬಾರದು. ರೋಟಾವೇಟರೋ ರೆಂಟೆಯೋ ಭಾರದ ಸಾಮಾನು ಹಿಂದೆ ಕಟ್ಟಿ, ಲಿಫ್ಟ್ ಎತ್ತಿ, ಎಂಜಿನ್ ಬಂದ್ ಮಾಡಬೇಕು. ಅದು ನೋಡನೋಡುತ್ತ ನೆಲಕ್ಕೆ ಇಳಿದರೆ ಹೈಡ್ರಾಲಿಕ್ಕಿನಲ್ಲಿ ಖರ್ಚಿದೆ. ಹಾಗೆ ಎತ್ತಿದಾಗ ಕೆಳಗೆ ಕೈಕಾಲು ಇಡಬಾರದು, ಹುಡುಗರನ್ನಂತೂ ಹತ್ತಿರ ಬಿಡಲೇಬಾರದು. ಭಾರ ಎಳೆಸುವಾಗ ಗೇರು ತಾನಾಗಿ ಜಾರುತ್ತದೆಯೇ? ಮುಂದಿನ ಗಾಲಿ ಜ್ಯಾಕಿನ ಮೇಲೆ ಎತ್ತಿ ಅಲುಗಿಸಿದರೆ ಕಡಕಡ ಅನ್ನುತ್ತದೆಯೇ? ಎಡ ಬಲ ಬ್ರೇಕು ಎರಡೂ ಒಂದೇ ಸಮ ಹಿಡಿಯುತ್ತವೆಯೇ? ಈ ಬ್ರೇಕಿನ ಮಾತು ಬಸ್ಸಿನಲ್ಲಿ ತಿರುಗುವ ಜನಕ್ಕೂ ಸೇರಿದ್ದು. ರಾತ್ರಿ ಹೊತ್ತು ಹಿಂದೆ ಒಂದು ಕೆಂಪು ದೀಪವಿಲ್ಲದೆ, ಬ್ರೇಕು ಒಂದೇ ಕಡೆ ಹಿಡಿಯುವ ಟ್ರೇಲರ್ ಎದುರಾದರೆ ಏನಾಗುತ್ತದೆ ಎಂದು ಯಾವ ಡ್ರೈವರನನ್ನು ಕೇಳಿದರೂ ಹೇಳುತ್ತಾನೆ.

ಗಾಡಿ ಪಾಸಾದರೂ ಕಾಗದಪತ್ರ ಪಾಸಾಗಬೇಕಲ್ಲ! ಆರ್‌ಸಿಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ನಮೂದಾಗಿದ್ದರೆ ಬ್ಯಾಂಕಿನ ತಕರಾರಿಲ್ಲದ ಪತ್ರ ಮತ್ತು 35ನೇ ನಮೂನೆ ಕೈಗೆ ಬರುವ ತನಕ ಪೂರ್ತಿ ಹಣ ಕೊಡಕೂಡದು. ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆ. ಕಾನೂನಿನ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನದಲ್ಲಿ, ಕೊಂಡವನು 30 ದಿನದಲ್ಲಿ ಆರ್‌ಟಿಓ ಕಚೇರಿಗೆ ತಿಳಿಸಬೇಕು. ನಡೆಯುವುದೇನು? ಸ್ಟ್ಯಾಂಪ್ ಪೇಪರಿನ ಮೇಲೆ ಎರಡು ಸಹಿ, ಅಷ್ಟೇ. ಗಾಡಿ ಮೂರು ಕೈ ದಾಟಿದರೂ ಹೆಸರು ಮೊದಲಿನವನದೇ. ಇದು ಮಾರಿದವನ ಕೊರಳಿಗೂ ಉರುಳು. ಹೆಸರು ಬದಲಾಗದೆ ಕೈ ಬದಲಾದ ವಾಹನ ಅಪಘಾತ ಮಾಡಿದರೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. ಟ್ರೇಲರಿಗೆ ಬೇರೆ ನೋಂದಣಿ, ಬೇರೆ ವಿಮೆ ಬೇಕು ಎಂಬುದನ್ನಂತೂ ಕೇಳುವವರೇ ಇಲ್ಲ.

ರೇಟಿನ ವಿಷಯಕ್ಕೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ತೆರಿಗೆ ಸೇರಿ 7 ಲಕ್ಷ ಇದ್ದ ಗಾಡಿ ಲೆಕ್ಕದ ಪ್ರಕಾರ 43 ಸಾವಿರದ ಮೇಲೆ ಇಳಿಯಬೇಕು. ಹೊಸದು ಇಳಿದ ಮೇಲೆ ಹಳೇದಕ್ಕೆ ಹಳೇ ರೇಟು ಯಾಕೆ ಕೊಡಬೇಕು ಎಂದು ದಲಾಲನನ್ನು ಕೇಳುವ ಹಕ್ಕು ರೈತನಿಗಿದೆ. ಐದಾರು ಎಕರೆ ಒಕ್ಕಲುತನದವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು: ವರ್ಷಕ್ಕೆ ಎಷ್ಟು ತಾಸು ಕೆಲಸ, ಬಾಡಿಗೆಗೆ ಹೊಡೆಸಿದರೆ ಎಷ್ಟು? ಸರಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಶುರುವಾದದ್ದು ಈ ಲೆಕ್ಕ ಹಾಕಿಯೇ.

ಇಷ್ಟೆಲ್ಲ ಒಬ್ಬೊಬ್ಬ ರೈತ ತಾನೇ ನೋಡಿಕೊಳ್ಳಲಿ ಎನ್ನುವುದು ನ್ಯಾಯವಲ್ಲ. ಎಂಜಿನ್ ಬಲ್ಲ ಮಿಸ್ತ್ರಿ ಒಬ್ಬನಿಗೆ ದಿನದ ಪಗಾರ ಕೊಟ್ಟು ಜೊತೆಗೆ ಕರೆದೊಯ್ಯುವ ರೂಢಿ ಕೆಲವರಲ್ಲಿದೆ. ಅದರಲ್ಲೂ ದಲಾಲನ ಕಡೆಯವನಲ್ಲದ ಮಿಸ್ತ್ರಿ ಸಿಗುವುದೇ ಕಷ್ಟ. ಈ ಕೆಲಸಕ್ಕೆ ಪತ್ತಿನ ಸಂಘಗಳು ಕೈಹಾಕಬೇಕು. ಸಂಘದ ಹೆಸರಿನಲ್ಲಿ ಇಬ್ಬರು ನಂಬಿಗಸ್ತ ಮಿಸ್ತ್ರಿಗಳನ್ನು ಗೊತ್ತು ಮಾಡಿ, ದರ ನಿಗದಿ ಮಾಡಿ, ಸದಸ್ಯ ಸಂಚಕಾರ ಕೊಡುವ ಮೊದಲು ಗಾಡಿ ನೋಡಿಸಿ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆಸಿ ಕೊಡಬಹುದು. ಪಕ್ಕದ ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಿಸ್ತ್ರಿಗಳಿಗೂ ರೈತರ ಹುಡುಗರಿಗೂ ಎರಡು ದಿನದ ತರಬೇತಿ ಕೊಡಿಸುವುದು ಮನಸ್ಸು ಮಾಡಿದರೆ ದೊಡ್ಡ ಮಾತಲ್ಲ. ಕಣಗಿನಹಾಳದ ಸಂಘದವರೇ ಮೊದಲು ಶುರು ಮಾಡಲಿ, ಮುಂದಿನ ಮುಂಗಾರಿಯ ಒಳಗೆ. ಅಲ್ಲಿಯವರೆಗೆ ಗಾಡಿ ನೋಡಲು ಹೊರಟವರು ಹೊಸ ಬಣ್ಣದ ಮೇಲೆ ಉಗುರಿನಿಂದ ಒಮ್ಮೆ ಕೆರೆದು, ಕೆಳಗೆ ಯಾವ ಬಣ್ಣ ಇತ್ತೆಂದಾದರೂ ನೋಡಿಕೊಂಡು ಬರಲಿ.