ಮಣಿಕಟ್ಟಿನ ಪಾಸ್‌ಬುಕ್

ಈಗೀಗ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಹಿರಿಯರು ಎದುರಾದರೆ 'ಕಾಫಿ ಆಯ್ತಾ?' ಎಂದು ಕೇಳುವ ಮೊದಲೇ 'ಎಷ್ಟಾಯ್ತು?' ಎನ್ನುತ್ತಾರೆ. ಕೇಳುತ್ತಿರುವುದು ಹೆಜ್ಜೆಯ ಲೆಕ್ಕ. ಮಗನೋ ಮಗಳೋ ಕೊಡಿಸಿದ ಫಿಟ್‌ನೆಸ್ ಬ್ಯಾಂಡ್ ಬಹಳ ಜನರ ಮಣಿಕಟ್ಟಿನಲ್ಲಿ ಕೂತಿದೆ. ನನ್ನ ಕೈಗೂ ಬಂದು ಒಂದು ವರ್ಷವಾಯಿತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಯಾವ ಲೆಕ್ಕ ಕಂಡರೂ ಎರಡು ಪ್ರಶ್ನೆ ಏಳುತ್ತವೆ. ಈ ಅಂಕಿ ಎಲ್ಲಿಂದ ಬಂತು? ಇದರಲ್ಲಿ ಬಿಟ್ಟುಹೋದದ್ದು ಏನು?

ಮೊದಲು ಅಂಕಿ ಹುಟ್ಟುವ ಬಗೆ. ಮಕ್ಕಳೇ, ಬಸ್ಸಿನಲ್ಲಿ ನಿಂತಿರುವಾಗ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತೀರಲ್ಲ? ಬ್ಯಾಂಡಿನೊಳಗೆ ಅಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್ ಇದೆ. ಅದಕ್ಕೂ ಅಂಥ ಎಳೆತ ತಿಳಿಯುತ್ತದೆ. ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡಕ್ಕೆ-ಬಲಕ್ಕೆ, ಹೀಗೆ ಎಲ್ಲ ಕಡೆಯದೂ. ನಡೆಯುವಾಗ ಕೈ ಬೀಸುವುದಕ್ಕೆ ಒಂದು ತಾಳ ಇರುತ್ತದೆ. ಆ ತಾಳವನ್ನು ಗುರುತಿಸಿ ಚಿಪ್ ಹೆಜ್ಜೆ ಎಣಿಸುತ್ತದೆ. ಅಂದರೆ ಕೈಯನ್ನು ನೋಡಿ ಕಾಲಿನ ಲೆಕ್ಕ ಬರೆಯುತ್ತದೆ!

ಬ್ಯಾಂಡಿನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ ನಾಡಿ ಎಣಿಸಲು. ಕೆಂಪು ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದಡಿಯ ರಕ್ತನಾಳಗಳಿಗೆ ರಕ್ತ ನುಗ್ಗುತ್ತದೆ, ವಾಪಸು ಬರುವ ಬೆಳಕು ಕೊಂಚ ಕಡಿಮೆಯಾಗುತ್ತದೆ. ಈ ಏರಿಳಿತ ಎಣಿಸಿದರೆ ನಾಡಿಬಡಿತ ಸಿಕ್ಕಿತು.

ಇನ್ನು ಎಲ್ಲರ ಬಾಯಲ್ಲಿರುವ ಆ 10,000 ಹೆಜ್ಜೆ. ಇದನ್ನು ಯಾವುದೋ ವೈದ್ಯರ ಮಂಡಳಿ ಕೂತು ನಿರ್ಧರಿಸಿತು ಎಂದುಕೊಂಡವರೇ ಹೆಚ್ಚು. ಅದು ಬಂದದ್ದು ಜಪಾನಿನ ಅಂಗಡಿಯಿಂದ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆಯ ಯಂತ್ರ ಮಾರಲು ಹೊರಟಿತು. ಅದಕ್ಕೆ 'ಮಾನ್‌ಪೊ-ಕೇ' ಎಂದು ಹೆಸರಿಟ್ಟಿತು. 'ಮಾನ್' ಅಂದರೆ ಹತ್ತು ಸಾವಿರ, 'ಪೊ' ಅಂದರೆ ಹೆಜ್ಜೆ, 'ಕೇ' ಅಂದರೆ ಮಾಪಕ. ಯಂತ್ರದ ಹೆಸರೇ ಲೋಕಕ್ಕೆಲ್ಲ ಗುರಿಯಾಯಿತು.

ಹಾಗಾದರೆ ನಮ್ಮ ವಯಸ್ಸಿನವರಿಗೆ ಎಷ್ಟು ಸಾಕು? 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಅವರ ತಂಡ ಒಂದು ಅಧ್ಯಯನ ಪ್ರಕಟಿಸಿತು. ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ಹೆಜ್ಜೆ ಎಣಿಸಿದ ಅಧ್ಯಯನ ಅದು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ ಸುಮಾರು 4,400 ನಡೆಯುತ್ತಿದ್ದವರಲ್ಲಿ ಮುಂದಿನ ವರ್ಷಗಳ ಸಾವುಗಳು ಸ್ಪಷ್ಟವಾಗಿ ಕಡಿಮೆ ಇದ್ದವು. ಹೆಜ್ಜೆ ಏರಿದಂತೆ ಲಾಭವೂ ಏರಿ, 7,500ರ ಸುಮಾರಿಗೆ ನಿಂತಿತು. ಗಟ್ಟಿಮುಟ್ಟಾಗಿರುವವರೇ ಹೆಚ್ಚು ನಡೆಯುತ್ತಾರೆ ಎಂಬ ಮಾತೂ ಇದೆ. ಆದ್ದರಿಂದ ಅಷ್ಟೂ ಪುಣ್ಯವನ್ನು ಹೆಜ್ಜೆಯ ಖಾತೆಗೇ ಜಮಾ ಮಾಡಬೇಕಿಲ್ಲ.

ಆದರೂ ಕೂಡಿ ಕಳೆದು ನೋಡಿ. 4,400ರಲ್ಲಿ 2,700 ಕಳೆದರೆ 1,700. ನನ್ನಂಥವನ ಒಂದು ಹೆಜ್ಜೆ 60 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದು ಒಂದು ಕಿಲೋಮೀಟರ್ ಮತ್ತು ಇಪ್ಪತ್ತು ಮೀಟರ್. ನಿಮಿಷಕ್ಕೆ ನೂರು ಹೆಜ್ಜೆಯಂತೆ ಹದಿನೇಳು ನಿಮಿಷ. ಬೆಳಿಗ್ಗೆ ಹಾಲಿಗೆ ಹೋಗಿಬಂದು, ಸಂಜೆ ಮೊಮ್ಮಗುವನ್ನು ಟ್ಯೂಷನ್ನಿಗೆ ಬಿಟ್ಟುಬಂದರೆ ಬಹಳ ಮನೆಗಳಲ್ಲಿ ಇಷ್ಟು ಆಗಿಹೋಗುತ್ತದೆ. ಹತ್ತು ಸಾವಿರ ಮುಟ್ಟಲಾಗುವುದಿಲ್ಲವೆಂದು ಎದ್ದೇ ಏಳದೆ ಕುಳಿತವರು ಈ ಲೆಕ್ಕವನ್ನು ನೋಡಬೇಕು.

ಈಗ ಎರಡನೆಯ ಪ್ರಶ್ನೆ, ಬಿಟ್ಟುಹೋದದ್ದು. ಸೂಪರ್ ಮಾರ್ಕೆಟ್ಟಿನಲ್ಲಿ ಗಾಡಿ ತಳ್ಳುವಾಗ ಕೈ ಅಲ್ಲಾಡುವುದಿಲ್ಲ, ಎಷ್ಟೋ ಹೆಜ್ಜೆ ಲೆಕ್ಕಕ್ಕೆ ಬರುವುದಿಲ್ಲ. ನೀರು ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟು ಆ ಕೈಯಲ್ಲಿ ಬಳಸಿ ಹಿಡಿದಾಗಲೂ ಅಷ್ಟೇ. ನನ್ನ ಹೆಂಡತಿ ಒಂದು ದಿನ ನನ್ನ ಬ್ಯಾಂಡ್ ಕಟ್ಟಿಕೊಂಡು ಚಪಾತಿ ಲಟ್ಟಿಸಿದಳು. ನಿಂತಲ್ಲೇ ನಿಂತವಳಿಗೆ ಹೆಜ್ಜೆಗಳು ಬಂದವು. 'ನಲವತ್ತೈದು ವರ್ಷದ ಚಪಾತಿ ಲೆಕ್ಕ ಹಾಕಿ ನೋಡಿ, ಕಾಶಿಗೆ ನಡೆದುಹೋಗಿ ಬಂದಿದ್ದೇನೆ' ಎಂದಳು. ನಾನು ಎದುರುತ್ತರ ಕೊಡಲಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ನನ್ನೊಡನೆ ಕ್ಯಾಶ್ ಕೌಂಟರಿನಲ್ಲಿದ್ದ ಗೆಳೆಯರೊಬ್ಬರು ದಿನಕ್ಕೆ ಎಂಟು ಸಾವಿರ ತಪ್ಪಿಸುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯಲ್ಲಿ ಕಾಲು ಜಾರಿತು, ಸೊಂಟದ ಮೂಳೆ ಮುರಿಯಿತು. ಈಗ ವಾಕರ್ ಹಿಡಿದು ನಡೆಯುತ್ತಾರೆ. ಮೊನ್ನೆ ನೋಡಲು ಹೋದಾಗ, 'ರಾತ್ರಿ ಬಚ್ಚಲಿಗೆ ಹೋಗಲು ಸೊಸೆಯನ್ನು ಎಬ್ಬಿಸಬೇಕಲ್ಲಪ್ಪ, ಅದೇ ಕಷ್ಟ' ಎಂದರು. ನೋವಿನ ಮಾತು ಆಡಲಿಲ್ಲ, ಇದೊಂದನ್ನೇ ಎರಡು ಸಲ ಹೇಳಿದರು.

ನಮ್ಮ ವಯಸ್ಸಿನಲ್ಲಿ ಪಣಕ್ಕಿರುವುದು ಇದೇ: ಯಾರನ್ನೂ ಎಬ್ಬಿಸದೆ ನಾಲ್ಕು ಹೆಜ್ಜೆ ಹೋಗಿಬರುವ ಸ್ವಾತಂತ್ರ್ಯ. ಅದಕ್ಕೆ ಕಾಲಿನ ಬಲ ಬೇಕು, ಸಮತೋಲನವೂ ಬೇಕು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಗೋಡೆ ಹಿಡಿದು ಒಂಟಿ ಕಾಲಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಇಂಥವು. ಮಂಡಿನೋವು, ತಲೆಸುತ್ತು ಇರುವವರು ಡಾಕ್ಟರನ್ನು ಕೇಳಿಯೇ ಮಾಡಬೇಕು. ಇದಕ್ಕೆ ಹೆಜ್ಜೆಯ ಪಟ್ಟಿಯಲ್ಲಿ ಸೊನ್ನೆಯೇ ಬೀಳುತ್ತದೆ, ಬೀಳಲಿ.

ಪಾಸ್‌ಬುಕ್ಕನ್ನು ಎಷ್ಟು ಸಲ ತೆರೆದು ನೋಡಿದರೂ ಹಣ ಬೆಳೆಯುವುದಿಲ್ಲ. ಬ್ಯಾಂಡೂ ಹಾಗೆಯೇ. ಅದರಲ್ಲೂ ಈ ಖಾತೆ ಬಲು ಕಟ್ಟುನಿಟ್ಟು, ರಾತ್ರಿ ಹನ್ನೆರಡಕ್ಕೆ ಎಲ್ಲ ಅಳಿಸಿ ಮತ್ತೆ ಸೊನ್ನೆಯಿಂದ ಶುರು. ಇನ್ನೊಂದು ಎಚ್ಚರಿಕೆ ಹಳೆಯ ಬ್ಯಾಂಕಿನವನದು. ಬ್ಯಾಂಡಿನ ಆ್ಯಪ್ ಹುಟ್ಟಿದ ದಿನ, ತೂಕ, ಓಡಾಡುವ ಜಾಗ ಎಲ್ಲ ಕೇಳುತ್ತದೆ. ಮಕ್ಕಳು ಅಪ್ಪ ಅಮ್ಮನನ್ನು ಕೇಳದೆ ಏನನ್ನೂ ತುಂಬಬಾರದು. ತಾತಂದಿರೂ ಅಷ್ಟೇ!

ಈ ವಾರ ಎರಡು ಕೆಲಸ ಕೊಡುತ್ತೇನೆ. ಮಕ್ಕಳೇ, ಅಜ್ಜಿ ತಾತನ ಬ್ಯಾಂಡ್ ಕಟ್ಟಿಕೊಂಡು ಬಾಯಲ್ಲಿ ಎಣಿಸುತ್ತ ನೂರು ಹೆಜ್ಜೆ ನಡೆಯಿರಿ. ಒಮ್ಮೆ ಕೈ ಬೀಸಿ, ಒಮ್ಮೆ ಕೈ ಕಟ್ಟಿ. ಎರಡು ಸಲವೂ ಅದು ಎಷ್ಟು ತೋರಿಸಿತೆಂದು ಬರೆದಿಡಿ. ಹಾಗೆಯೇ ತಾತ ಒಂಟಿ ಕಾಲಲ್ಲಿ ನಿಲ್ಲುವಾಗ ಪಕ್ಕದಲ್ಲಿ ನಿಂತು ಹತ್ತರವರೆಗೆ ಎಣಿಸಿ. ಏಳಕ್ಕೇ ಅವರು ಗೋಡೆ ಹಿಡಿದರೆ ನಗಬೇಡಿ, ಏಳು ಎಂದೇ ಬರೆಯಿರಿ. ನಾಳೆ ಎಂಟು ಆಗಬಹುದು.